ಕುಂಕುಮ ಹತ್ತಿದ ಚೆಂಡು

ಚೆಂಡಿನ ಮೇಲೆ ಕೆಂಪು ಬೊಟ್ಟು. ಅಷ್ಟು ಮಾತ್ರ ಖಂಡಿತ.

ಅದೂ ಪೂರ್ತಿ ಖಂಡಿತವಲ್ಲ. ಆ ಚೆಂಡು ಈಗ ಹೆಬ್ಬಗೋಡಿಯಲ್ಲಿ ಅಪ್ಪನ ವರ್ಕ್‌ಶಾಪಿನ ದೇವರ ಗೂಡಿನಲ್ಲಿದೆ. ಪ್ರತಿ ಆಯುಧಪೂಜೆಗೆ ಅಮ್ಮ ಅದೇ ಜಾಗಕ್ಕೆ ಹೊಸ ಕುಂಕುಮ ಇಡುತ್ತಾಳೆ. ಅಂದು ಹತ್ತಿದ ಕೆಂಪು ಯಾವುದು, ಆಮೇಲಿನದು ಯಾವುದು ಎಂದು ಈಗ ಯಾರೂ ಬಿಡಿಸಿ ಹೇಳಲಾರರು. ಈ ಬರಹವನ್ನೂ ಓದುವವರು ಹಾಗೇ ನೋಡಿದರೆ ಒಳ್ಳೆಯದು.

ಕೇಳಲು ಬರುವವರಿಗೆ ಒಂದು ನೇರ ಗೆರೆ ಬೇಕಿರುತ್ತದೆ. ಹುಡುಗಿ ಗಾಲ್ಫ್ ಕ್ಲಬ್ ಹಿಡಿದಳು, ಜೂನಿಯರ್ ಕಪ್ ಗೆದ್ದಳು, ವೃತ್ತಿಪರಳಾದಳು, ಮೇಜರ್ ಆಡಿದಳು. ಮೇಜರ್ ಎಂದರೆ ಜಗತ್ತಿನ ದೊಡ್ಡ ಆಟಗಾರರೆಲ್ಲ ಸೇರುವ, ವರ್ಷಕ್ಕೆ ಕೆಲವೇ ಬಾರಿ ನಡೆಯುವ ಪಂದ್ಯ. ನಾನೂ ಆ ಗೆರೆಯನ್ನು ಹಲವು ಸಲ ಎಳೆದುಕೊಟ್ಟಿದ್ದೇನೆ. ಪ್ರತಿ ಸಲವೂ ಎಲ್ಲೋ ಸುಳ್ಳು ಹೇಳುತ್ತಿದ್ದೇನೆ ಅನಿಸಿದೆ.

ಮೊದಲನೆಯದಾಗಿ, ಶುರುವಾದದ್ದು ಒಂದು ಕೆಟ್ಟ ಯಂತ್ರದಿಂದ.

ಅಪ್ಪನದು ಲೇತ್ ಕೆಲಸ. ಎರಡು ಲೇತು, ಒಂದು ಡ್ರಿಲ್ಲಿಂಗ್ ಮಿಷನ್ನು, ತಗಡಿನ ಸೂರು. ಹೊಸೂರು ರಸ್ತೆಯಿಂದ ಸ್ವಲ್ಪ ಒಳಗೆ ಗಾಲ್ಫ್ ಅಭ್ಯಾಸಕ್ಕೆಂದು ಒಂದು ಮೈದಾನವಿತ್ತು. ಅಲ್ಲಿ ಗುಂಡಿ ಒತ್ತಿದರೆ ಬಕೆಟ್ಟಿಗೆ ಚೆಂಡು ಸುರಿಯುವ ಯಂತ್ರ ಇತ್ತು. ಅದು ಆಗಾಗ ಸಿಕ್ಕಿಹಾಕಿಕೊಳ್ಳುತ್ತಿತ್ತು, ಅಪ್ಪನಿಗೆ ಫೋನು ಬರುತ್ತಿತ್ತು, ನಾನು ಸ್ಕೂಟರಿನ ಹಿಂದೆ ಹತ್ತುತ್ತಿದ್ದೆ. ಅಪ್ಪ ಯಂತ್ರದೊಳಗೆ ತಲೆ ತೂರಿಸಿಕೊಂಡಿದ್ದಾಗ ನಾನು ಅದು ಕಕ್ಕಿದ ಚೆಂಡುಗಳನ್ನು, ಯಾರೋ ಬಿಟ್ಟುಹೋದ ಗಾಲ್ಫ್ ಕೋಲಿನಲ್ಲಿ, ಅಂದರೆ ಕ್ಲಬ್ಬಿನಲ್ಲಿ, ಬಾರಿಸುತ್ತಿದ್ದೆ. ಸರಿಯಾಗಿ ಬಿದ್ದ ಮೊದಲ ಹೊಡೆತ! ಕೈಗೆ ಏನೂ ತಾಕಿದ ಹಾಗಾಗಲಿಲ್ಲ. ಚೆಂಡು ಮಾತ್ರ ದೂರದ ಅಪಾರ್ಟ್‌ಮೆಂಟಿನ ಎತ್ತರಕ್ಕೆ ಎದ್ದುಹೋಗಿತ್ತು. ನಾನು ಕಿರುಚಿದೆ. ಅಪ್ಪ ಗಾಬರಿಯಲ್ಲಿ ತಲೆ ಎತ್ತಿ ಯಂತ್ರಕ್ಕೆ ಹೊಡೆಸಿಕೊಂಡ.

ಆ ಯಂತ್ರ ಆ ವರ್ಷ ವಿಪರೀತ ಕೆಡುತ್ತಿತ್ತು. ನನಗಾಗಿ ಅಪ್ಪ ಬೇಕೆಂದೇ ಒಂದು ಸ್ಕ್ರೂ ಸಡಿಲ ಬಿಟ್ಟು ಬರುತ್ತಿದ್ದ ಎಂಬುದು ನನ್ನ ಅನುಮಾನ. ಈಗಲೂ ಕೇಳಿದರೆ ಅವನಿಗೆ ಸಿಟ್ಟು ಬರುತ್ತದೆ. "ನನ್ ಕೆಲ್ಸದ್ ಮೇಲೆ ಅನ್ಮಾನ ಪಡ್ತೀಯಾ? ಅದ್ರ ಸ್ಪ್ರಿಂಗೇ ಡಬ್ಬಾ ಸ್ಪ್ರಿಂಗು ಕಣಮ್ಮ." ಇರಬಹುದು. ಸಡಿಲ ಸ್ಕ್ರೂ ಚಂದದ ಕತೆ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಕಡಿಮೆ.

ಜೂನಿಯರ್ ಪಂದ್ಯಗಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಬೆಳಗಿನ ಬಸ್ಸಿನ ತುಂಬ ಕಾರ್ಖಾನೆಯ ಮೊದಲ ಪಾಳಿಯವರು. ನಡುವೆ ನನ್ನಷ್ಟೇ ಎತ್ತರದ ಬ್ಯಾಗು.

"ಏನಣ್ಣ ಅದು, ಪೈಪಾ?" ಎಂದು ಕಂಡಕ್ಟರು ಅಪ್ಪನನ್ನು ಕೇಳಿದ.

"ಗಾಲ್ಫು."

"ಅಂದ್ರೆ ಲಗೇಜೇ."

ಮೊದಲ ಕಪ್ಪಿನ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ನಾನು ಭಾರಿ ಅಂತರದಿಂದ ಗೆದ್ದೆ ಎಂದು ಅಪ್ಪ ಎಲ್ಲರಿಗೂ ಹೇಳುತ್ತಾನೆ. ನಾನು ಅಳುತ್ತ ಮನೆಗೆ ಬಂದೆ ಎನ್ನುತ್ತಾಳೆ ಅಮ್ಮ. ಷೋಕೇಸಿನ ಕಪ್ಪಿನ ಮೇಲೆ ಎರಡನೇ ಸ್ಥಾನ ಎಂದಿದೆ. ನನಗೆ ನೆನಪಿರುವುದು ಕಾಲಿನ ಸ್ಕೂಲ್ ಶೂ ಇಬ್ಬನಿಯಲ್ಲಿ ನೆನೆದು ಚಪ್ ಚಪ್ ಎನ್ನುತ್ತಿದ್ದದ್ದು, ಮತ್ತೆ ಆಡಬೇಕು, ಈಗಲೇ ಆಡಬೇಕು ಎಂದು ಮೈಯೆಲ್ಲ ಕುಣಿಯುತ್ತಿದ್ದದ್ದು.

ಆಮೇಲಿನ ವರ್ಷಗಳನ್ನು ಹಾರಿಸುತ್ತೇನೆ. ವೃತ್ತಿಪರಳಾದೆ. ನನ್ನ ಬ್ಯಾಗನ್ನು ಅಪ್ಪನೇ ಹೊತ್ತ. ಬೇರೆ ಯಾರು ಹೊತ್ತರೂ ನನಗೆ ಕೈ ಓಡುತ್ತಿರಲಿಲ್ಲ. ಮೇಜರಿಗೆ ಆಯ್ಕೆಯಾಗುವ ಪಂದ್ಯಗಳಲ್ಲಿ ಮತ್ತೆ ಮತ್ತೆ ಹತ್ತಿರ ಹೋಗಿ ಜಾರಿಬಿದ್ದೆ. ಹೀಗಿರುವಾಗ ಒಂದು ವರ್ಷ ಆ ಆಯ್ಕೆ ಪಂದ್ಯ ನಮ್ಮಲ್ಲಿಗೇ ಬಂತು, ಹೂಡಿಯನ್ನು ದಾಟಿ ಇನ್ನೂ ಆಚೆ ಇರುವ ಒಂದು ಗಾಲ್ಫ್ ಕೋರ್ಸಿಗೆ. ಒಂದೇ ದಿನದ ಆಟ. ಮೇಜರಿಗೆ ಎರಡೇ ಜಾಗ. ಮತ್ತು ಅದು ಆಯುಧಪೂಜೆಯ ಮಾರನೆಯ ದಿನ.

ಪೂಜೆಗೆ ಕ್ಲಬ್ಬುಗಳು ವರ್ಷವೂ ಸಾಲಿನಲ್ಲಿ ಕೂರುತ್ತವೆ. ಲೇತಿನ ಪಕ್ಕ, ಸ್ಕೂಟರಿನ ಮುಂದೆ, ಮಿಕ್ಸಿಯ ಆಚೆ. ಅಮ್ಮ ಕುಂಕುಮವನ್ನು ಗಂಧದಲ್ಲಿ ಕಲಸಿ, ಒಣಗಿದ ಮೇಲೂ ಉದುರದ ಹಾಗೆ, ಹದಿನಾಲ್ಕಕ್ಕೂ ಬೊಟ್ಟು ಇಡುತ್ತಾಳೆ. ಇಡುವುದು ಚೆಂಡು ತಾಗುವ ಕಡೆಗೇ.

"ಅಮ್ಮ, ಹಿಂದ್ಗಡೆ ಇಡು, ಹೊಡ್ಯೋ ಕಡೆ ಬೇಡ."

"ಕುಂಕ್ಮ ಯಾರಾನಾ ಬೆನ್ನಿಗೆ ಇಡ್ತಾರೇನೆ? ಸುಮ್ಕಿರು."

ಮರುದಿನ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿದೆವು. ಎಲ್ಲವನ್ನೂ ಎಂದು ನಾನು ತಿಳಿದಿದ್ದೆ. ಹೈಬ್ರಿಡ್ ಎಂಬ, ದೂರದ ಹೊಡೆತಕ್ಕೆ ಮಾತ್ರ ತೆಗೆಯುವ ಕ್ಲಬ್ಬಿಗೆ ಅಮ್ಮ ತಾನೇ ಹೆಣೆದ ಉಣ್ಣೆಯ ಟೋಪಿ ಇದೆ. ಬೊಟ್ಟು ಅಳಿಸಬಾರದೆಂದು ಪೂಜೆಯಾದ ಕೂಡಲೇ ಅದಕ್ಕೆ ಟೋಪಿ ಹಾಕಿಬಿಟ್ಟಿದ್ದಳು.

ಮೂರನೇ ಹೋಲು, ಅಂದರೆ ಮೂರನೇ ಗುಂಡಿಯವರೆಗಿನ ದಾರಿ, ಉದ್ದದ್ದು. ಎರಡನೇ ಹೊಡೆತಕ್ಕೆ ಹೈಬ್ರಿಡ್ ಕೇಳಿದೆ. ಅಪ್ಪ ಟೋಪಿ ಎಳೆದು ಕೈಗಿಟ್ಟ. ನಾನು ಕ್ಲಬ್ಬನ್ನು ನೋಡಲಿಲ್ಲ, ದೂರದ ಗುಂಡಿಯ ಬಾವುಟವನ್ನೇ ನೋಡುತ್ತಿದ್ದೆ. ಹೊಡೆದೆ. ಜೀವಮಾನದಲ್ಲೇ ಅಂಥ ಹೊಡೆತ ಹೊಡೆದಿರಲಿಲ್ಲ. ಚೆಂಡು ತಗ್ಗಾಗಿ ಹೋಗಿ, ಏರಿ, ಗುಂಡಿಯ ಸುತ್ತಲಿನ ನುಣುಪು ಹುಲ್ಲಿನ, ಗ್ರೀನಿನ, ಮೇಲೆ ಮೆತ್ತಗೆ ಇಳಿದು, ಗುಂಡಿಯ ಹತ್ತಿರಕ್ಕೆ ಉರುಳಿತು. "ಸಕ್ಕತ್ ಮಗ!" ಎಂದು ಅಪ್ಪ ಅಷ್ಟು ದೊಡ್ಡ ಮೌನದ ನಡುವೆ ಕೂಗಿಯೇಬಿಟ್ಟ.

ಗ್ರೀನಿನ ಮೇಲೆ ಚೆಂಡು ಎತ್ತಿಕೊಂಡಾಗ ಕೆಂಪು ಕಂಡಿತು.

ಗಾಲ್ಫಿನಲ್ಲಿ ಜೊತೆಗೆ ಆಡುವವರೇ ನಮ್ಮ ಅಂಕ ಬರೆಯುತ್ತಾರೆ. ನನ್ನದನ್ನು ಬರೆಯುತ್ತಿದ್ದವಳು ಹೊರದೇಶದ ಹುಡುಗಿ, ನನಗಿಂತ ಚಿಕ್ಕವಳು. ಮೊದಲು ನನ್ನ ಬೆರಳು ನೋಡಿದಳು, ರಕ್ತವೇನೋ ಎಂದು. ಆಮೇಲೆ ಅಪ್ಪನ ಕೈಯಲ್ಲಿದ್ದ ಕ್ಲಬ್ಬನ್ನು ನೋಡಿದಳು. ಅರ್ಧ ಬೊಟ್ಟು ಇನ್ನೂ ಅದರ ಮೇಲಿತ್ತು.

"ಕ್ಷಮಿಸು, ರೆಫರಿಯನ್ನು ಕರೆಯಲೇಬೇಕು," ಎಂದಳು. ಮಾತು ನಡೆದದ್ದು ಇಂಗ್ಲಿಷಿನಲ್ಲಿ. ನನ್ನೊಳಗೆ ಉಳಿದಿರುವುದು ಕನ್ನಡದಲ್ಲಿ.

ನಿಯಮ ಹೀಗಿದೆ: ಹೊಡೆತ ಬದಲಾಗಲಿ ಎಂಬ ಉದ್ದೇಶದಿಂದ ಕ್ಲಬ್ಬಿಗೆ ಏನನ್ನೂ ಬಳಿಯುವಂತಿಲ್ಲ. ಬಳಿದು ಹೊಡೆದರೆ ಪಂದ್ಯದಿಂದಲೇ ಹೊರಗೆ. ಬಳಿದದ್ದಂತೂ ಹೌದು. ಹೊಡೆದದ್ದೂ ಹೌದು. ಉಳಿದದ್ದು ಉದ್ದೇಶ.

ರೆಫರಿ ಮೇಡಂ ಪುಟ್ಟ ಗಾಡಿಯಲ್ಲಿ ಬಂದರು. ಕ್ಲಬ್ಬನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನು ಯಾಕೆ ಹಚ್ಚಿದಿರಿ?" ಎಂದು ಕೇಳಿದರು.

ಅಪ್ಪನಿಗೆ ಅಷ್ಟು ಇಂಗ್ಲಿಷ್ ಬರುತ್ತದೆ. ನಾನು ಬಾಯಿ ತೆರೆಯುವ ಮೊದಲೇ, ಎದೆಯುಬ್ಬಿಸಿ, ಕನ್ನಡದಲ್ಲಿ ಉತ್ತರ ಕೊಟ್ಟ.

"ಚೆನ್ನಾಗ್ ಹೊಡೀಲಿ ಅಂತ ಮೇಡಂ!"

ರೆಫರಿ ನನ್ನ ಕಡೆ ತಿರುಗಿದರು. "ಏನಂದರು?"

ಇಲ್ಲಿ ಎಷ್ಟು ಹೊತ್ತು ಸುಮ್ಮನಿದ್ದೆ? ಬಹಳ ಹೊತ್ತು ಎನ್ನುತ್ತಾನೆ ಅಪ್ಪ. ತಟ್ಟನೆ ಹೇಳಿದೆ ಎಂದು ಆ ಹುಡುಗಿ ಆಮೇಲೊಮ್ಮೆ ಸಿಕ್ಕಾಗ ಹೇಳಿದಳು. ನನಗೆ ನೆನಪಿರುವುದು ಇಷ್ಟು: ಅಲ್ಲಿ ಕನ್ನಡ ಬರುವವರು ನಾವಿಬ್ಬರೇ. ಇದು ಬರೀ ಸಂಪ್ರದಾಯ ಅಂತಿದ್ದಾರೆ, ಎಂದರೆ ಮುಗಿದುಹೋಗುತ್ತಿತ್ತು. ಆದರೆ ಈ ಆಟದಲ್ಲಿ ನಿಮ್ಮ ತಪ್ಪನ್ನು ನೀವೇ ಹೇಳಬೇಕು. ಮಕ್ಕಳಾಗಿದ್ದಾಗಿಂದ ಹೇಳಿ ಹೇಳಿ ನಾಲಿಗೆ ಹಾಗೇ ತಿರುಗಿಕೊಂಡಿತ್ತು.

"ಚೆನ್ನಾಗಿ ಹೊಡೆಯಲಿ ಎಂದು ಹಚ್ಚಿದ್ದಂತೆ," ಎಂದೆ.

ರೆಫರಿಯ ಹುಬ್ಬು ಮೇಲೆ ಹೋಯಿತು. ಅಪ್ಪ ನನ್ನ ಮುಖ ನೋಡಿದ. "ಯಾಕ್ ಮಗ, ತಪ್ ಹೇಳ್ದ್ನಾ?"

"ಸ್ವಲ್ಪ ಸುಮ್ನಿರಪ್ಪ."

"ಈ ಒಂದಕ್ಕೆ ಮಾತ್ರವೇ?" ಎಂದರು ರೆಫರಿ.

"ಎಲ್ಲಕ್ಕೂ ಮೇಡಂ," ಅಪ್ಪ ಸುಮ್ಮನಿರಲಿಲ್ಲ. "ಲೇತು, ಡ್ರಿಲ್ಲಿಂಗ್ ಮಿಷನ್ನು, ಸ್ಕೂಟರು, ಮಿಕ್ಸಿ."

ನಾನು ಒಂದೊಂದನ್ನೂ ಹೇಳಿದೆ. ಮಿಕ್ಸಿ ಎಂದರೇನೆಂದೂ ವಿವರಿಸಿದೆ.

"ಆಮೇಲೆ ಆ ಮಿಕ್ಸಿ ಚೆನ್ನಾಗಿ ಕೆಲಸ ಮಾಡುತ್ತದೆಯೇ?"

ಅಪ್ಪ ನಕ್ಕುಬಿಟ್ಟ. "ಎಲ್ ಮೇಡಂ! ಹೋದ್ ವರ್ಷ ಪೂಜೆ ಆದ್ ಮಾರ್ನೇ ದಿನಾನೇ ಸುಟ್ಟೋಯ್ತು. ಚಟ್ನಿ ಅರ್ಧಕ್ಕೇ ನಿಂತೋಯ್ತು."

ಅದನ್ನೂ ಇದ್ದದ್ದಿದ್ದ ಹಾಗೆ ಹೇಳಿದೆ. ಆ ಹುಡುಗಿ ಬೆನ್ನು ತಿರುಗಿಸಿದಳು. ಅವಳ ಭುಜ ಕುಲುಕುತ್ತಿತ್ತು. ರೆಫರಿ ತುಟಿ ಕಚ್ಚಿಕೊಂಡು, ಇದಕ್ಕೆಲ್ಲ ಏನಾದರೂ ಆಧಾರ ಇದೆಯೇ ಎಂದು ಕೇಳಿದರು. ಇತ್ತು. ಅಮ್ಮ ಹಿಂದಿನ ದಿನದ ಪೂಜೆಯನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದಳು. ಅಪ್ಪ ಫೋನು ತೆಗೆದು ತೋರಿಸಿದ. ಲೇತು, ಸ್ಕೂಟರು, ಹೊಸ ಮಿಕ್ಸಿ, ನಡುವೆ ನನ್ನ ಕ್ಲಬ್ಬುಗಳು. ಎಲ್ಲದರ ಮೇಲೂ ಒಂದೇ ಅಳತೆಯ ಬೊಟ್ಟು.

ರೆಫರಿ ಅದರದೊಂದು ಫೋಟೋ ಹೊಡೆದುಕೊಂಡರು. "ಮುಖ್ಯ ರೆಫರಿಯೊಡನೆ ಮಾತಾಡಬೇಕು. ನೀವು ಆಡುತ್ತಿರಿ. ತೀರ್ಮಾನ ಆಗುವವರೆಗೆ ಈ ಕ್ಲಬ್ ಮುಟ್ಟಬೇಡಿ," ಎಂದು ಹೊರಟುಹೋದರು.

ಹೀಗಾಗಿ, ಇದೆಯೋ ಇಲ್ಲವೋ ತಿಳಿಯದ ಆಟವನ್ನು ನಾನು ಆಡಲು ಹೊರಟೆ. ಗೆದ್ದರೂ ಅಳಿಸಿಹೋಗಬಹುದು. ಹೆದರಿಕೆ ಆಗಬೇಕಿತ್ತು. ಆದದ್ದು ಬೇರೆ. ಇಷ್ಟು ವರ್ಷ ಪ್ರತಿ ಆಯ್ಕೆ ಪಂದ್ಯದಲ್ಲೂ ಹೆಗಲ ಮೇಲೆ ಕೂತಿರುತ್ತಿದ್ದ ಏನೋ ಒಂದು ಇಳಿದುಹೋಯಿತು. ಬಂಕರಿನ ಮರಳಿನಿಂದ ಹೊಡೆದದ್ದು ನೇರ ಗುಂಡಿಗೆ. ಮರಗಳ ಸಂದಿನಿಂದ ಹೊಡೆದದ್ದು ಗ್ರೀನಿಗೆ. ಯಾವ ಹೋಲಿನಲ್ಲಿ ಯಾವುದು ಎಂದು ಕೇಳಬೇಡಿ, ಎಲ್ಲ ಸೇರಿ ಒಂದೇ ಉದ್ದನೆಯ ಓಟದ ಹಾಗೆ ನೆನಪಿದೆ. ಅಪ್ಪ ಮಾತ್ರ ಪ್ರತಿ ಹೋಲಿಗೂ ಒಂದೇ ಮಾತು ಹೇಳುತ್ತಿದ್ದ. "ನಾನ್ ಬಾಯ್ ಮುಚ್ಕೊಂಡ್ ಇದ್ದಿದ್ರೆ ಆಗೋದು." ನಾನು, "ಈಗ್ಲಾದ್ರೂ ಮುಚ್ಕೋ," ಎನ್ನುತ್ತಿದ್ದೆ.

ಕೊನೆಯ ಹೋಲು. ನನಗಿಂತ ಒಂದೇ ಹೊಡೆತ ಮುಂದಿದ್ದ ಎರಡನೇ ಜಾಗದವಳು ಕೊನೆಗೆ ಒಂದು ಹೊಡೆತ ಕಳೆದುಕೊಂಡು ಆಟ ಮುಗಿಸಿದಳು ಎಂದು ಬೋರ್ಡಿನ ಹತ್ತಿರ ಯಾರೋ ಕೂಗಿದರು. ಈಗ ಇಬ್ಬರೂ ಸಮ. ನಾನು ಇಲ್ಲಿ ಗೊತ್ತುಮಾಡಿದ ಐದು ಹೊಡೆತದಲ್ಲಿ ಒಂದನ್ನು ಉಳಿಸಿದರೆ ಜಾಗ ನನ್ನದು, ಮೂರನೇ ಹೋಲಿನ ಲೆಕ್ಕ ನಿಂತರೆ. ಗ್ರೀನಿನ ಮುಂದೆ ಕೆರೆ. ಅದನ್ನು ದಾಟಿಸಲು ನನ್ನಲ್ಲಿದ್ದ ಒಂದೇ ಕ್ಲಬ್ಬು ಉಣ್ಣೆ ಟೋಪಿಯೊಳಗೆ ಕೂತಿತ್ತು. ಕೆರೆಯ ಈಚೆಗೇ ಇಳಿಸೋಣ ಎಂದು ಚಿಕ್ಕ ಕ್ಲಬ್ಬಿಗೆ ಕೈ ಹಾಕಿದ್ದೆ.

ಹಿಂದೆ ಗಾಡಿಯ ಸದ್ದಾಯಿತು.

"ನಿಮ್ಮ ಅಂಕ ಉಳಿಯಿತು," ಎಂದರು ರೆಫರಿ ಮೇಡಂ, ಇಳಿಯುವ ಮೊದಲೇ. "ಅದು ಹೊಡೆತಕ್ಕಾಗಿ ಬಳಿದದ್ದಲ್ಲ, ಪೂಜೆಗೆ ಇಟ್ಟದ್ದು ಎಂದು ಒಪ್ಪಿದ್ದೇವೆ. ಕ್ಲಬ್ ಬಳಸಬಹುದು. ದಯವಿಟ್ಟು ಒರೆಸಿ ಬಳಸಿ."

ಅಪ್ಪ ಟೋಪಿ ತೆಗೆದ. ಸೊಂಟದಲ್ಲಿ ಟವೆಲ್ ಇತ್ತು, ದಿನವಿಡೀ ಮಣ್ಣು ಒರೆಸಿದ ಟವೆಲ್. ಅದರ ಕಡೆ ನೋಡಿ, ಬೇಡವೆಂದು ಬಿಟ್ಟ. ಉಂಗುರದ ಬೆರಳನ್ನು ಎಂಜಲು ಮಾಡದೆ ಬಾಟಲಿಯ ನೀರಿನಲ್ಲಿ ಅದ್ದಿ, ಉಳಿದ ಕುಂಕುಮವನ್ನು ಪೂರ್ತಿ ತೀಡಿ ತೆಗೆದು, ಬೆರಳನ್ನು ತನ್ನ ಹಣೆಗೆ ಒತ್ತಿಕೊಂಡ. ಆಮೇಲೆ ಕ್ಲಬ್ಬನ್ನು, ತಯಾರಾದ ಬಿಡಿಭಾಗವನ್ನು ಗಿರಾಕಿಗೆ ತೋರಿಸುವ ಹಾಗೆ, ಮೇಡಂಗೆ ಎರಡೂ ಕಡೆ ತಿರುಗಿಸಿ ತೋರಿಸಿದ.

"ಕ್ಲೀನ್, ಮೇಡಂ."

ಹೊಡೆದೆ. ಮೂರನೇ ಹೋಲಿನ ಹೊಡೆತದಷ್ಟು ಚಂದವಿರಲಿಲ್ಲ. ಚೆಂಡು ಕೆರೆಯ ಆಚೆ ದಂಡೆಗೆ ತಾಗಿ, ಮೇಲಕ್ಕೆ ಪುಟಿದು, ಗ್ರೀನಿನ ಅಂಚಿನಲ್ಲಿ ನಿಂತಿತು. ಅಲ್ಲಿಂದ ಎರಡು ಹೊಡೆತದಲ್ಲಿ ಗುಂಡಿಗೆ. ಒಟ್ಟು ನಾಲ್ಕು, ಜಾಗ ನನ್ನದು. ಆ ಹುಡುಗಿ ನನ್ನನ್ನು ತಬ್ಬಿಕೊಂಡಳು. ಅಪ್ಪ ಬ್ಯಾಗನ್ನು ಕೆಳಗಿಡಲೂ ಮರೆತು ಅದರ ಸಮೇತ ಕುಣಿಯುತ್ತಿದ್ದ, ಕ್ಲಬ್ಬುಗಳು ಒಂದೊಂದಾಗಿ ಉದುರುತ್ತಿದ್ದವು.

ಅಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದಾಗ ಅವಳು ಕೇಳಿದ್ದು ಒಂದೇ. "ಒರ್ಸಿದ್ ಮ್ಯಾಲೆ ಎಂಗೆ ಬಿತ್ತು, ಒರ್ಸೋಕ್ ಮುಂಚೆ ಎಂಗೆ ಬಿತ್ತು?"

ಮಾತನ್ನು ಹೊಸ ಮಿಕ್ಸಿಯ ಕಡೆ ತಿರುಗಿಸಿದೆ. ಉತ್ತರ ಹೇಳಿದ್ದರೆ ಮತ್ತೆ ರೆಫರಿ ಬೇಕಾಗುತ್ತಿತ್ತು.

ಮೇಜರಿನ ಅಂಕಗಳು ಎಲ್ಲಿ ಬೇಕಾದರೂ ಸಿಗುತ್ತವೆ, ನಾನು ಬರೆಯಬೇಕಾಗಿಲ್ಲ. ನನಗೆ ಉಳಿದಿರುವುದು ಮೊದಲ ಟೀ, ಆಟದ ಮೊದಲ ಹೊಡೆತ ಹೊಡೆಯುವ ಜಾಗ. ಸಮುದ್ರದ ಗಾಳಿ, ಕಟಕಟಿಸುವ ಚಳಿ, ಎರಡೂ ಕಡೆ ಜನ. ಯಾರೋ ಮೈಕಿನಲ್ಲಿ ನನ್ನ ಹೆಸರನ್ನು, ಊರನ್ನು ಕರೆದರು. ಅಪ್ಪ ಕ್ಲಬ್ಬನ್ನು ಎರಡೂ ಕಡೆ ತಿರುಗಿಸಿ ತೋರಿಸಿ, ಕೈಗಿಟ್ಟ. ಥಳಥಳ ಹೊಳೆಯುತ್ತಿತ್ತು. ತಲೆ ಎತ್ತಿದರೆ, ಬ್ಯಾಗು ಹೊರುವ ಕ್ಯಾಡಿಯ ಬಿಳಿ ಕೋಟಿನ ಮೇಲೆ, ಅವನ ಹಣೆಯಲ್ಲಿ ಕಾಸಗಲ ಬೊಟ್ಟು. ಹದಿನಾಲ್ಕು ಕ್ಲಬ್ಬಿನದೂ ಒಟ್ಟಿಗೆ ಇಟ್ಟುಕೊಂಡ ಹಾಗೆ.

ವಿಡಿಯೋದಲ್ಲಿ ನೋಡಿದರೆ ನಾನು ನಗುತ್ತಲೇ ಕ್ಲಬ್ ಎತ್ತುವುದು ಕಾಣುತ್ತದೆ. ಚೆಂಡು ಎಲ್ಲಿ ಬಿತ್ತೆಂದೂ ಅದರಲ್ಲೇ ನೋಡಿಕೊಳ್ಳಬೇಕು. ನನಗೆ ಗೊತ್ತಿರುವುದು ಕೈಗೆ ಏನೂ ತಾಕಲಿಲ್ಲ ಎಂಬುದು.