ಅಮ್ಮನ ಕೆಲಸಕ್ಕೆ ಅಪ್ಪನ ಸಾಕ್ಷಿ

ಅಮ್ಮನ ಬಲಗೈ ಮುರಿದದ್ದು ಠಾಣೆ ಜಿಲ್ಲೆಯ ಮಹಾಪೆಯಲ್ಲಿ. ಚಿಕ್ಕಮ್ಮನ ಮನೆಗೆಂದು ಬಸ್ಸಿಳಿದು ರಸ್ತೆಯಂಚಿನಲ್ಲಿ ನಿಂತಿದ್ದಾಗ ರಿವರ್ಸ್ ಬರುತ್ತಿದ್ದ ಟೆಂಪೊ ಅವಳನ್ನು ಕೆಡವಿತು. ಅದರ ಚಾಲಕನೇ ರಿಕ್ಷಾ ಹಿಡಿದು ಆಸ್ಪತ್ರೆಗೆ ಸೇರಿಸಿ, ನಾವು ಠಾಕುರ್ಲಿಯ ಮನೆಯಿಂದ ಬರುವವರೆಗೂ ಬಾಗಿಲಲ್ಲಿ ಕೂತಿದ್ದ. ನಾನಾಗ ಕಾಲೇಜಿನ ಎರಡನೆಯ ವರ್ಷದಲ್ಲಿದ್ದೆ. ಅಪ್ಪ ಒಂದು ಆಫೀಸಿನಲ್ಲಿ ಹೆಡ್ ಕ್ಲರ್ಕ್.

ಮರುದಿನ ಸಫಾರಿ ತೊಟ್ಟ ಏಜೆಂಟನೊಬ್ಬ ವಾರ್ಡಿಗೆ ಬಂದ. ಕೇಸನ್ನು ತಾನೇ ನಡೆಸುವುದಾಗಿಯೂ ಬಂದ ಪರಿಹಾರದಲ್ಲಿ ಪರ್ಸೆಂಟೇಜ್ ಕೊಟ್ಟರೆ ಸಾಕೆಂದೂ ಹಿಂದಿಯಲ್ಲಿ ಹೇಳಿ ಕಾಗದ ಚಾಚಿದ. ಅಪ್ಪ ಪೆನ್ನು ತೆಗೆದೇಬಿಟ್ಟಿದ್ದರು.

"ಓದದೆ ಸಹಿ ಹಾಕುವುದಾ? ಕೈ ಮುರಿದದ್ದು ನನ್ನದು, ತಲೆ ಅಲ್ಲ," ಎಂದಳು ಅಮ್ಮ.

ನಮ್ಮ ಬಿಲ್ಡಿಂಗಿನವರು ಠಾಣೆ ನಗರದ ಕೋಪರಿಯಲ್ಲಿದ್ದ ವಕೀಲೆಯ ವಿಳಾಸ ಕೊಟ್ಟರು. ಹುಬ್ಬಳ್ಳಿ ಕಡೆಯ ಹೆಂಗಸು. ಅಮ್ಮ ಮನೆಗೆ ಬಂದ ಮೇಲೆ ಮೂವರೂ ಹೋಗಿ ಕಂಡೆವು. ಏಜೆಂಟನ ಮಾತು ಕೇಳಿ ಅವರು ನಕ್ಕರು.

"ಪರಿಹಾರದಾಗ ವಕೀಲರು ಪಾಲು ಕೇಳೂಹಂಗಿಲ್ರಿ, ಅದು ನಿಯಮಕ್ಕ ವಿರುದ್ಧ. ನನ್ನ ಫೀ ಎಷ್ಟಂತ ಬರದು ಕೊಡ್ತೀನಿ."

ಅಮ್ಮನ ಚಿಂತೆ ಬೇರೆಯೇ. "ಆ ಡ್ರೈವರ್ ಪಾಪ ಮಾರಾಯ್ರೆ. ಅವನ ಹೊಟ್ಟೆಗೆ ಹೊಡೆಯುವುದು ಬೇಡ."

"ಅರ್ಜಿಯೊಳಗ ಅವನ ಹೆಸರು ಇರ್ತದ, ಖರೆ. ಆದ್ರ ಗಾಡಿಗೆ ವಿಮಾ ಇದ್ದರ, ಕೊಡೋದು ವಿಮಾ ಕಂಪನಿ. ಅದಕ್ಕಂತನ ವಿಮಾ ಮಾಡಿಸ್ತಾರ್ರಿ."

ಅರ್ಜಿಯಲ್ಲಿ ಆದಾಯದ ಕಾಲಂ ಬಂದಾಗ ಅಪ್ಪ, "ಅದೇನಿಲ್ಲ, ಇವಳು ಮನೆಯಲ್ಲೇ ಇರುವುದು," ಎಂದರು.

ವಕೀಲೆ ಪೆನ್ನು ಕೆಳಗಿಟ್ಟರು. "ಮನ್ಯಾಗ ಸುಮ್ನ ಕೂತಿರ್ತಾರೇನ್ರಿ? ಗೃಹಿಣಿ ಕೆಲಸಕ್ಕೂ ಕೋರ್ಟು ಬೆಲೆ ಕಟ್ತದ. ಇವ್ರು ದಿನಾ ಏನೇನು ಮಾಡ್ತಿದ್ರು ಅಂತ ಸಾಕ್ಷಿ ಹೇಳವ್ರು ನೀವ. ಮುಂಜಾನೆ ನೀರು ಎಷ್ಟಕ್ಕ ಬರ್ತದ ನಿಮ್ಮನ್ಯಾಗ?"

ಅಪ್ಪ ನನ್ನ ಮುಖ ನೋಡಿದರು. ನನಗೂ ಗೊತ್ತಿರಲಿಲ್ಲ.

ಪ್ಲಾಸ್ಟರ್ ಇದ್ದಷ್ಟು ದಿನ ಅಪ್ಪ ರಜೆ ಹಾಕಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಅಪ್ಪಣೆ ಕೊಡುತ್ತಿದ್ದಳು. ಅಪ್ಪನ ಮೊದಲ ನೀರ್ದೋಸೆ ಕಾವಲಿಯಿಂದ ಏಳಲೇ ಇಲ್ಲ. ಕೆರೆದು ತೆಗೆದದ್ದನ್ನು ತಟ್ಟೆಗೆ ಹಾಕಿ, ಇದು ಉಪ್ಪಿಟ್ಟು ಎಂದರು. ಅಮ್ಮನಿಗೆ ನಗು ತಡೆಯದೆ ಪ್ಲಾಸ್ಟರ್ ಹಾಕಿದ ಕೈ ನೋಯತೊಡಗಿತು. ಮೂವರೂ ಅಷ್ಟು ನಕ್ಕದ್ದು ಆ ಮನೆಯಲ್ಲಿ ಅದೇ ಮೊದಲು.

ಪ್ಲಾಸ್ಟರ್ ತೆಗೆದರೂ ಕೈ ಭುಜಕ್ಕಿಂತ ಮೇಲೇಳಲಿಲ್ಲ. ಅದಕ್ಕೆ ಡಾಕ್ಟರರ ಸರ್ಟಿಫಿಕೇಟು, ಪೊಲೀಸ್ ಕಾಗದ, ಔಷಧಿ ಬಿಲ್ಲು ಎಲ್ಲವನ್ನೂ ವಕೀಲೆ ಜೋಡಿಸಿದರು. ಅಪ್ಪನ ಸಾಕ್ಷಿಯ ದಿನ ಬರುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ವಿಮಾ ಕಂಪನಿಯ ವಕೀಲರು ಮರಾಠಿಯಲ್ಲಿ ಕೇಳಿದರು: "ನಿಮ್ಮ ಹೆಂಡತಿ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ, ಹೌದಲ್ಲ?"

ಅಪ್ಪ ಕನ್ನಡಕ ತೆಗೆದರು. "ಸಾಹೇಬರೇ, ಇಪ್ಪತ್ತೆರಡು ವರ್ಷ ನಾನೂ ಹಾಗೇ ತಿಳಿದಿದ್ದೆ. ಆಮೇಲೆ ಆರು ವಾರ ಆ ಕೆಲಸ ನಾನೇ ಮಾಡಿದೆ. ನನ್ನ ಆಫೀಸಿನಲ್ಲಿ ಅಷ್ಟು ಕೆಲಸಕ್ಕೆ ಮೂರು ಜನ ಇದ್ದಾರೆ." ನೀರಿನ ಹೊತ್ತಿನಿಂದ ಹಿಡಿದು ಒಂದೊಂದಾಗಿ ಹೇಳುತ್ತ ಹೋದರು. ನ್ಯಾಯಾಧೀಶರು ತಡೆಯಲಿಲ್ಲ. ಬರೆದುಕೊಳ್ಳುತ್ತಿದ್ದ ಗುಮಾಸ್ತರೇ ಒಮ್ಮೆ, ಸ್ವಲ್ಪ ನಿಧಾನ, ಎಂದರು. ಅಮ್ಮ ಹಿಂದಿನ ಬೆಂಚಿನಲ್ಲಿ ಸೆರಗು ಬಾಯಿಗೊತ್ತಿ ಕೂತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ.

ತೀರ್ಪು ನಮ್ಮ ಕಡೆಗಾಯಿತು. ಅಮ್ಮನ ಮನೆಗೆಲಸಕ್ಕೂ ಕೋರ್ಟು ಬೆಲೆ ಕಟ್ಟಿತ್ತು. ಪರಿಹಾರ ಕೊಡಬೇಕಾದದ್ದು ವಿಮಾ ಕಂಪನಿಯೇ. ಅಂದು ಠಾಣೆ ರೈಲ್ವೆ ಸ್ಟೇಶನ್ನಿನ ಬಳಿ ಹೋಟೆಲಿನಲ್ಲಿ ಕೂತು ಅಮ್ಮ ಎರಡು ಮಸಾಲೆ ದೋಸೆ ತಿಂದಳು. ಕೈ ತೊಳೆದು ಬಂದವಳೇ ಇಂಗ್ಲಿಷಿನಲ್ಲಿದ್ದ ತೀರ್ಪಿನ ಪ್ರತಿಯನ್ನು ನನ್ನ ಮುಂದಿಟ್ಟಳು.

"ಗೃಹಿಣಿ ಅಂತ ಬರೆದ ಆ ಜಾಗ ಓದು. ಕನ್ನಡದಲ್ಲಿ ಹೇಳು."

ಓದಿ ಹೇಳಿದೆ.

"ಇನ್ನೊಮ್ಮೆ ಓದು," ಎಂದರು ಅಪ್ಪ.