ತಮ್ಮನ ಹೊಟ್ಟೆಯ ಸದ್ದು

ನನ್ನ ತಮ್ಮ ಕ್ಷೌರಿಕ. ಅವನ ಅಂಗಡಿಯ ಎದುರಿಗೇ ನನ್ನ ಇಸ್ತ್ರಿ ಅಂಗಡಿ. ಕತ್ತರಿಗಿಂತ ಬಾಯಿಯನ್ನೇ ಹೆಚ್ಚು ಆಡಿಸುತ್ತಾನೆಂದು ಬೀದಿಯವರೆಲ್ಲ ಅವನನ್ನು ಕರೆಯುವುದೇ ‘ರೇಡಿಯೋ’ ಎಂದು. ಅಂಥವನು ಹೊಟ್ಟೆನೋವಿನ ಬಗ್ಗೆ ಮಾತ್ರ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. "ಗ್ಯಾಸು ಅಕ್ಕಾ, ಅಷ್ಟೇ" ಎಂದು ಮಾತ್ರೆ ನುಂಗಿಕೊಂಡೇ ಇದ್ದ. ಒಂದು ದಿನ ಗಿರಾಕಿಯ ತಲೆ ಅರ್ಧ ಆಗಿದ್ದಾಗಲೇ ಹೊಟ್ಟೆ ಹಿಡಿದುಕೊಂಡು ಕುಸಿದ.

ಆಸ್ಪತ್ರೆಯ ಸರ್ಜನ್ ಹೆಂಗಸು, ಸುತ್ತಿಬಳಸಿ ಮಾತಾಡುವವರಲ್ಲ. "ದೊಡ್ಡ ಕರುಳಲ್ಲಿ ಕ್ಯಾನ್ಸರ್ ಗಡ್ಡೆ. ಅಲ್ಲೇ ಕರುಳು ತೂತಾಗಿ ಹೊಟ್ಟೆಯೆಲ್ಲ ನಂಜಾಗಿದೆ. ಮೊದಲ ಕೆಲವು ವಾರ ಗಂಡಾಂತರ. ಅದನ್ನ ದಾಟಿದವರು ಎಷ್ಟೋ ಜನ ಚಿಕಿತ್ಸೆ ಮುಗಿಸಿ ಚೆನ್ನಾಗಿದ್ದಾರೆ. ಮೊದಲು ದಾಟಿಸೋಣ," ಎಂದರು.

ಆಪರೇಷನ್ ಮಾಡಿ ಗಡ್ಡೆ ತೆಗೆದರು. ಕರುಳಿನ ತುದಿಯನ್ನು ಹೊಟ್ಟೆಯ ಎಡಭಾಗದಲ್ಲಿ ಹೊರಗೆ ತಂದು ಅಲ್ಲಿಗೊಂದು ಚೀಲ ಅಂಟಿಸಿದರು. ಇನ್ನು ಮಲವೆಲ್ಲ ಅದಕ್ಕೇ. ದಿನವೂ ಬೆಳಿಗ್ಗೆ ಡಾಕ್ಟರು ಬಂದು ಹೊಟ್ಟೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಕಿವಿಗೊಡುವರು, ಇಲ್ಲವೆಂದು ತಲೆಯಾಡಿಸುವರು. ಕರುಳು ಇನ್ನೂ ಮಲಗಿದೆ, ಸದ್ದಿಲ್ಲ. ನಾನೂ ತಮ್ಮನ ಹೆಂಡತಿಯೂ ಮಂಚದ ಪಕ್ಕ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಕೊನೆಗೊಂದು ಬೆಳಿಗ್ಗೆ ಸ್ಟೆತೊಸ್ಕೋಪೇ ಬೇಕಾಗಲಿಲ್ಲ. ಚೀಲದ ಕಡೆಯಿಂದ ಗುರ್ರ್ ಎಂದು ಸದ್ದು ಬಂತು. ಡಾಕ್ಟರು ನಕ್ಕುಬಿಟ್ಟರು, ನಾನು ಗೊಳೋ ಎಂದು ಅತ್ತೆ.

ಗಂಡಾಂತರ ದಾಟಿತು. ಡ್ರಿಪ್ಪಿನಲ್ಲಿ ಕೊಡುವ ಕ್ಯಾನ್ಸರ್ ಔಷಧಿಯೂ ಮುಗಿಯಿತು. "ಸ್ಕ್ಯಾನ್‌ನಲ್ಲಿ ಈಗ ಏನೂ ಕಾಣಿಸ್ತಿಲ್ಲ. ತಪಾಸಣೆ ತಪ್ಪಿಸಬೇಡಿ. ಅಂಗಡಿಗೆ ಹೋಗಿ," ಎಂದರು ಡಾಕ್ಟರು. ನಾವೆಲ್ಲ ಹಿಗ್ಗಿದರೆ ಇವನ ಮುಖ ಮಾತ್ರ ಬಾಡಿತ್ತು.

"ನಾನು ಕನ್ನಡಿ ಕಡೆ ತಿರುಗಿ ಗಿರಾಕಿಯ ಬಲಕ್ಕೆ ನಿಂತರೆ ಈ ಚೀಲ ನೇರ ಅವರ ಕಿವಿ ಹತ್ರ ಬರುತ್ತೆ ಅಕ್ಕಾ. ಹೇಳದೆ ಕೇಳದೆ ಸದ್ದು ಮಾಡುತ್ತೆ. ಯಾರು ಕೂರ್ತಾರೆ? ಒಂದು ತಿಂಗಳು ನೋಡ್ತೀನಿ. ಆಗದಿದ್ರೆ ಅಂಗಡಿ ಬೇರೆಯವರಿಗೆ ಕೊಟ್ಬಿಡ್ತೀನಿ."

ಆ ಕುರ್ಚಿ ಬಿಟ್ಟರೆ ಇವನು ಮನೆಯ ಮೂಲೆ ಹಿಡಿಯುತ್ತಾನೆ, ಬದುಕುವ ಆಸೆಯನ್ನೂ ಬಿಡುತ್ತಾನೆ ಎಂದು ನನಗೆ ಹೆದರಿಕೆ. ಅಂಗಡಿಯೇನೋ ತೆರೆದ. ಆದರೆ ರೇಡಿಯೋ ಬಾಯಿಗೆ ಬೀಗ ಬಿದ್ದಿತ್ತು.

ತಿಂಗಳು ಮುಗಿಯುತ್ತಾ ಬಂದಾಗ ನನ್ನ ಗಂಡ ಅಲ್ಲೇ ಕ್ಷೌರ ಮಾಡಿಸಿಕೊಂಡು ಬಂದರು. ಎಡಗಡೆ ನೀಟಾಗಿತ್ತು. ಬಲಗಿವಿಯ ಪಕ್ಕ ಮಾತ್ರ ಕೂದಲು ಪೊದೆಯಂತೆ ಹಾಗೇ ಇತ್ತು.

"ಇದೇನ್ರೀ ಅವತಾರ?"

"ಆ ಕಡೆ ಬಂದಾಗ ದೂರ ನಿಂತು ಕೈ ಚಾಚಿ ಕತ್ತರಿಸ್ತಾನೆ. ಎಲ್ಲರದ್ದೂ ಹೀಗೇ. ನೀನು ಬೀದಿಲಿ ನೋಡಿಲ್ವಾ?"

ಬಾಗಿಲಿಗೆ ಬಂದು ನೋಡಿದೆ. ಹೌದಲ್ಲ! ತರಕಾರಿಯವನು, ಅಂಚೆಯಣ್ಣ, ಔಷಧಿ ಅಂಗಡಿಯವರು, ಎಲ್ಲರಿಗೂ ಒಂದೇ ಕಡೆ ಪೊದೆ! ಒಬ್ಬರೂ ತುಟಿಪಿಟಕ್ ಎಂದಿಲ್ಲ. ಒಬ್ಬರೂ ಬೇರೆ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ನನಗೆ ಕಣ್ಣು ತುಂಬಿ ಬಂತು, ಜೊತೆಗೇ ಸಿಟ್ಟು ನೆತ್ತಿಗೇರಿತು. ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ನೆಟ್ಟಗೆ ಅವನ ಅಂಗಡಿಗೆ ನುಗ್ಗಿದೆ.

ಕುರ್ಚಿಯಲ್ಲಿ ನಿವೃತ್ತ ಮೇಷ್ಟ್ರು ಕೂತಿದ್ದರು. ತಮ್ಮ ಅವರ ಬಲಕ್ಕೆ, ಬಿಸಿ ಪಾತ್ರೆ ಮುಟ್ಟುವವನ ಹಾಗೆ, ದೂರ ನಿಂತು ಕೈ ಚಾಚಿದ್ದ.

"ಏಯ್, ಬೀದಿಯವರ ತಲೆಯೆಲ್ಲ ಹಾಳು ಮಾಡಿದ್ದೀಯಲ್ಲೋ! ಅದೇ ಸದ್ದು ಬರಲಿ ಅಂತ ಆಸ್ಪತ್ರೆಲಿ ನಾವು ಎಷ್ಟು ಬಾಯಿ ಬಾಯಿ ಬಿಟ್ಟಿದ್ವಿ ಗೊತ್ತಾ? ಬಂದ ದಿನ ಡಾಕ್ಟರೇ ನಕ್ಕರು. ಅದನ್ನ ಮುಚ್ಚಿಡ್ತೀಯಾ?"

"ಅಕ್ಕಾ, ಮೇಷ್ಟ್ರ ಮುಂದೆ..." ಅವನು ನಾಚಿಕೆಯಿಂದ ಹಿಡಿಯಷ್ಟಾದ.

ಮೇಷ್ಟ್ರು ಮೈಗೆ ಹೊದಿಸಿದ್ದ ಬಟ್ಟೆಯ ಕೆಳಗಿಂದ ಕೈ ತೆಗೆದು ಅವನ ಅಂಗಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಆ ಹಾಳು ಹೊಟ್ಟೆ ಅದೇ ಹೊತ್ತಿಗೆ ಗುರ್ರ್ ಎನ್ನಬೇಕೆ! ಮೇಷ್ಟ್ರು ಕಣ್ಣು ಮುಚ್ಚಿ ಗಂಭೀರವಾಗಿ ಕೇಳಿಸಿಕೊಂಡರು.

"ಒಳಗೆಲ್ಲ ಚೆನ್ನಾಗಿ ನಡೀತಿದೆ. ಈಗ ಇಲ್ಲೇ ನಿಂತ್ಕೊಂಡು ಈ ಕಡೇದು ಸರಿ ಮಾಡಪ್ಪ. ಮನೇಲಿ ಮೊಮ್ಮಕ್ಕಳು ನಗ್ತಾರೆ."

ತಮ್ಮ ಅಳುತ್ತಲೇ ನಕ್ಕ. ಆಮೇಲೆ ಅವರ ಕಿವಿಯ ಪಕ್ಕ ಬಗ್ಗಿ ಕತ್ತರಿ ಆಡಿಸಿದ.

ಸಂಜೆಯವರೆಗೂ ಆ ಅಂಗಡಿಯ ಮುಂದೆ ಜನ ಕರಗಲಿಲ್ಲ. ಎಲ್ಲರೂ ಬಲಗಡೆ ಸರಿ ಮಾಡಿಸಿಕೊಳ್ಳಲು ಬಂದವರೇ. ರೇಡಿಯೋ ಮಾತು ನನ್ನ ಅಂಗಡಿಯವರೆಗೂ ಕೇಳಿಸುತ್ತಿತ್ತು.