ಬೋಳು ಬಾಣದ ಸಾಕ್ಷಿ

ಬಾಣದಂಗಡಿಯ ಮಾವನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಹನ್ನೆರಡೂ ಬಾಣಗಳ ತೂಕ ಒಂದೇ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಒಂದೊಂದನ್ನೂ ತೂಗುತ್ತಾರೆ; ಆಮೇಲೆ ತಕ್ಕಡಿಯನ್ನೇ ಅನುಮಾನಿಸುತ್ತಾರೆ. ಉಗುರಿನ ಮೇಲೆ ತಿರುಗಿಸಿದಾಗ ನಡುಗಿದ ಬಾಣವನ್ನು "ಕಳ್ಳ" ಎಂದು ಬೈದು ಪಕ್ಕಕ್ಕಿಡುತ್ತಾರೆ. ಪರೀಕ್ಷೆಗೆ ಒಂದು ಬಾಣವನ್ನು ಗರಿ ಅಂಟಿಸದೆ ಗುರಿಗೆ ಬಿಡಿಸುತ್ತಾರೆ. "ಗರಿ ತಪ್ಪನ್ನೆಲ್ಲ ಮುಚ್ಚಿಹಾಕುತ್ತೆ. ಬೋಳಾಗಿ ಹೋದ್ರೆ ಬಣ್ಣ ಬಯಲು. ಗರಿಯಿದ್ದವುಗಳ ಪಕ್ಕ ನಾಟಿದ್ರೆ ಸರಿ, ಆಚೆ ಹೋದ್ರೆ ಹೋದ ಕಡೆಯೇ ತಪ್ಪು ಏನಂತ ಹೇಳುತ್ತೆ" ಎನ್ನುತ್ತಾರೆ. ನಾಳೆ ಅವರ ಮಗಳಿಗೆ ಆಯ್ಕೆಯ ಪಂದ್ಯ. ಅವಳು ಗರಿಯಿದ್ದ ಮೂರು ಬಾಣ ಬಿಟ್ಟು, ಬೋಳು ಬಾಣವನ್ನೂ ಬಿಟ್ಟು, "ಅವುಗಳ ಪಕ್ಕದಲ್ಲೇ ನಾಟ್ತಪ್ಪ" ಎಂದಳು. ಅವರು ನಂಬಲಿಲ್ಲ. ಗುರಿಹಲಗೆಯವರೆಗೆ ನಡೆದು ಬೆರಳಿನಿಂದ ತಡವಿದರು. ಬೋಳು ಬಾಣ ಒಂದು ಗೇಣು ಆಚೆಗಿತ್ತು. ಮಗಳು ತಲೆ ತಗ್ಗಿಸಿದಳು. "ಮಂಜಾಗಿರೋದು ನನ್ನ ಕಣ್ಣು ಕಣೇ, ನಿಂದಲ್ಲ" ಎಂದರು, ಅದುವರೆಗೆ ಯಾರ ಮುಂದೆಯೂ ಒಪ್ಪದಿದ್ದ ಮಾತನ್ನು. "ಯಾವ ಕಡೆ ಹೋಗಿದೆ, ನೀನೇ ನೋಡಿ ಹೇಳು, ನಂಬ್ತೀನಿ."